ಖಾಲಿ ಕೂತ ಕಂಪ್ಯೂಟರ್‌ನಿಂದ ಪಲ್ಸಾರ್ ಹುಡುಕುವುದು: ಬಾಯಿಂಕ್ ಶುರು ಮಾಡುವ ಬಗೆ

2010ರಲ್ಲಿ ಒಂದು ಹೊಸ ಪಲ್ಸಾರ್ ಪತ್ತೆಯಾಯಿತು. ಸೆಕೆಂಡಿಗೆ ಸುಮಾರು 41 ಸುತ್ತು ಹೊಡೆಯುವ ಸತ್ತ ನಕ್ಷತ್ರ ಅದು, ಇಲ್ಲಿಂದ ಸುಮಾರು 17,000 ಜ್ಯೋತಿರ್ವರ್ಷ ದೂರ. ಪೋರ್ಟೊ ರಿಕೊದಲ್ಲಿದ್ದ ಅರೆಸಿಬೊ ರೇಡಿಯೊ ದೂರದರ್ಶಕ ಅದರ ಮಿಡಿತವನ್ನು ಮೊದಲೇ ದಾಖಲಿಸಿಕೊಂಡಿತ್ತು, ಆದರೆ ಅಷ್ಟೊಂದು ಗದ್ದಲದ ನಡುವೆ ಅದು ಅಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹೆಕ್ಕಿ ತೆಗೆದದ್ದು ಅಮೆರಿಕದ ಅಯೋವಾದಲ್ಲಿ ಒಂದು ಗಂಡ ಹೆಂಡತಿಯ ಕಂಪ್ಯೂಟರ್ ಮತ್ತು ಜರ್ಮನಿಯ ಮೈಂಟ್ಸ್‌ನಲ್ಲಿದ್ದ ಇನ್ನೊಂದು ಕಂಪ್ಯೂಟರ್. ಇವರ್ಯಾರೂ ಖಗೋಳ ವಿಜ್ಞಾನಿಗಳಲ್ಲ. ಕಂಪ್ಯೂಟರ್ ಸುಮ್ನೆ ಕೂತಿರುವಾಗ ಲೆಕ್ಕ ಮಾಡಲಿ ಅಂತ ಒಂದು ಸಾಫ್ಟ್‌ವೇರ್ ಹಾಕಿಟ್ಟಿದ್ದರು, ಅಷ್ಟೆ.

ಆ ಸಾಫ್ಟ್‌ವೇರ್ ಬಾಯಿಂಕ್. ಅದನ್ನು ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಹೇಗೆ ಶುರು ಮಾಡುವುದು, ಕರೆಂಟ್ ಬಿಲ್ಲು ಎಷ್ಟು ಏರುತ್ತದೆ, ಕಂಪ್ಯೂಟರ್ ಕಾದುಹೋಗದ ಹಾಗೆ ಹೇಗೆ ನೋಡಿಕೊಳ್ಳುವುದು, ಇದೆಲ್ಲ ಇಲ್ಲಿ ಬರೆದಿದ್ದೇನೆ. ಹಾಕಿಕೊಳ್ಳುವುದು ಹದಿನೈದು ನಿಮಿಷದ ಕೆಲಸ. ಆದರೆ ಹಾಕಿದ ಕೆಲವರು ಒಂದು ತಿಂಗಳಲ್ಲಿ ತೆಗೆದುಬಿಡುತ್ತಾರೆ. ಯಾಕೆಂದರೆ ಮೊದಲ ದಿನವೇ ಕಂಪ್ಯೂಟರನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಾರೆ, ಫ್ಯಾನ್ ಕೂಗುತ್ತದೆ, ರೂಮು ಬಿಸಿಯಾಗುತ್ತದೆ, ಮನೆಯವರಿಗೆ ಬೇಜಾರಾಗುತ್ತದೆ. ನನ್ನ ಮಾತು ಇಷ್ಟೇ: ಕಡಿಮೆ ಕೊಡಿ, ಆದರೆ ವರ್ಷಗಟ್ಟಲೆ ಕೊಡಿ. ಮುಂದೆ ಹೇಳುವ ಸೆಟ್ಟಿಂಗ್‌ಗಳೆಲ್ಲ ಇದೇ ಲೆಕ್ಕದಲ್ಲಿವೆ.

ಇದು ನಡೆಯುವುದು ಹೇಗೆ

ನಾಟಿ ಸಮಯದಲ್ಲಿ ಮುಯ್ಯಾಳುಗಳು ಬಂದಾಗ ಗದ್ದೆಯನ್ನು ಪಟ್ಟೆ ಪಟ್ಟೆಯಾಗಿ ಹಂಚಿಕೊಳ್ಳುತ್ತಾರಲ್ಲ, ಹಾಗೆಯೇ. ವಿಜ್ಞಾನಿಗಳ ಹತ್ತಿರ ದೊಡ್ಡ ಡೇಟಾ ಇರುತ್ತದೆ. ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ನಿಮ್ಮ ಕಂಪ್ಯೂಟರ್ ಒಂದು ತುಂಡು ಇಳಿಸಿಕೊಳ್ಳುತ್ತದೆ, ಕೆಲವು ಗಂಟೆ ಲೆಕ್ಕ ಮಾಡುತ್ತದೆ, ಉತ್ತರ ವಾಪಸ್ ಕಳಿಸುತ್ತದೆ, ಇನ್ನೊಂದು ತುಂಡು ಕೇಳುತ್ತದೆ. ಈ ತುಂಡಿಗೆ ಟಾಸ್ಕ್ ಅಂತ ಹೆಸರು.

ಒಂದೇ ತುಂಡನ್ನು ಸಾಮಾನ್ಯವಾಗಿ ಇಬ್ಬರಿಗೆ ಕೊಡುತ್ತಾರೆ. ಯಾರದ್ದೋ ಮನೆಯ ಕಂಪ್ಯೂಟರ್‌ನಲ್ಲಿ ರ‍್ಯಾಮ್ ಕೆಟ್ಟಿರಬಹುದು, ಯಾರೋ ಬೇಕಂತಲೇ ತಪ್ಪು ಉತ್ತರ ಕಳಿಸಬಹುದು, ಹಾಗಾಗಿ ಇಬ್ಬರ ಉತ್ತರ ತಾಳೆಯಾದರೆ ಮಾತ್ರ ಒಪ್ಪುತ್ತಾರೆ. ಅಯೋವಾ, ಮೈಂಟ್ಸ್ ಎರಡೂ ಕಡೆಯ ಹೆಸರು ಬಂದದ್ದು ಇದಕ್ಕೇ. ನೀವು ಕೆಲಸ ತಗೊಂಡು ಮುಗಿಸದೆ ಬಿಟ್ಟರೆ, ಎಲ್ಲೋ ಇನ್ನೊಬ್ಬರ ಉತ್ತರ ನಿಮಗಾಗಿ ಕಾಯುತ್ತಾ ಕೂತಿರುತ್ತದೆ. ಇದು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಶುರುವಾದದ್ದು ಹೀಗೆ. 1996ರಲ್ಲಿ ಗಿಂಪ್ಸ್ ಅನ್ನುವ ಯೋಜನೆ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಜನರ ಕಂಪ್ಯೂಟರ್ ಕೇಳಿತು, ಅದು ಈಗಲೂ ನಡೆಯುತ್ತಿದೆ. 1999ರ ಮೇನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಶುರು ಮಾಡಿದರು, ಅನ್ಯಗ್ರಹದ ಜೀವಿಗಳ ಸಂಕೇತ ಹುಡುಕುವುದಕ್ಕೆ. ಲಕ್ಷಗಟ್ಟಲೆ ಜನ ಸೇರಿದರು. ಅದನ್ನು ನಡೆಸುತ್ತಿದ್ದ ಡೇವಿಡ್ ಆಂಡರ್ಸನ್ ಅವರೇ, ಎಲ್ಲ ವಿಜ್ಞಾನ ಯೋಜನೆಗಳಿಗೂ ಉಪಯೋಗವಾಗಲಿ ಅಂತ 2002ರಲ್ಲಿ ಬಾಯಿಂಕ್ ಕೆಲಸ ಕೈಗೆತ್ತಿಕೊಂಡರು. ಇದು ಮುಕ್ತ ತಂತ್ರಾಂಶ. ಸೆಟಿ ಅಟ್ ಹೋಮ್ 2020ರ ಮಾರ್ಚ್ ಕೊನೆಗೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ಹಳೆಯ ಲೇಖನ ನೋಡಿ ಅದಕ್ಕೆ ಸೇರಲು ಹೋಗಬೇಡಿ.

ಯಾವ ಯೋಜನೆ ಹಿಡಿಯುವುದು

ಮೊದಲಿಗೆ ಒಂದೇ ಸಾಕು. ನಾನು ಐನ್‌ಸ್ಟೈನ್ ಅಟ್ ಹೋಮ್ ಹೇಳುತ್ತೇನೆ. 2005ರಿಂದ ನಡೆಯುತ್ತಿದೆ, ಮೊದಲು ಹೇಳಿದ ಪಲ್ಸಾರ್ ಸಿಕ್ಕಿದ್ದೂ ಇದರಿಂದಲೇ. ಅಮೆರಿಕದ ಮಿಲ್ವಾಕಿಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಹ್ಯಾನೋವರ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದರ ಹಿಂದಿವೆ. ಕೆಲಸಕ್ಕೆ ಬರ ಬರುವುದು ಕಡಿಮೆ, ಗಡುವು ಸಾಮಾನ್ಯವಾಗಿ 14 ದಿನ. ದಿನಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಕಂಪ್ಯೂಟರ್ ಹಾಕುವ ಮನೆಗೂ ಇದು ಹೊಂದುತ್ತದೆ. ನಾನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು, ಅಲ್ಲಿನ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರು, ಕಪ್ಪುಕುಳಿಯನ್ನು ಅಲುಗಾಡಿಸಿದರೆ ಅದು ಗಂಟೆ ಬಾರಿಸಿದ ಹಾಗೆ ಮಿಡಿದು ನಿಧಾನಕ್ಕೆ ಶಾಂತವಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೈಗೊ ಉಪಕರಣಗಳು ಮೊದಲ ಸಲ ಗುರುತ್ವದ ಅಲೆ, ಅಂದರೆ ಅಂಥ ಅಲುಗಾಟದಿಂದ ಜಾಗವೇ ಹಿಗ್ಗಿ ಕುಗ್ಗುತ್ತಾ ಬರುವ ತರಂಗ, ಹಿಡಿದವು. ಅದೇ ಲೈಗೊ ಡೇಟಾ ಐನ್‌ಸ್ಟೈನ್ ಅಟ್ ಹೋಮ್ ಮೂಲಕ ನಮ್ಮ ಮನೆಗಳಿಗೆ ಬರುತ್ತದೆ.

ಅಲ್ಲಿ ಹುಡುಕುತ್ತಿರುವುದು ಬೇರೆ ತರಹದ ಅಲೆ. 2015ರದ್ದು ಎರಡು ಕಪ್ಪುಕುಳಿ ಸೇರಿದಾಗಿನ ಒಂದು ಕ್ಷಣದ ಸದ್ದು. ಇವರು ಹುಡುಕುತ್ತಿರುವುದು ನಿಲ್ಲದೆ ಬರುವ, ತುಂಬಾ ಸಣ್ಣ ಸದ್ದು. ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ (ಪಲ್ಸಾರ್ ಕೂಡ ಇದೇ ಜಾತಿ) ಪೂರ್ತಿ ದುಂಡಗಿರದೆ ಎಲ್ಲೋ ಒಂದಿಷ್ಟು ಉಬ್ಬಿದ್ದರೆ ಅಂಥ ಅಲೆ ಬರಬೇಕು. ಅದು ಇನ್ನೂ ಸಿಕ್ಕಿಲ್ಲ. ಆಕಾಶದ ಎಲ್ಲ ದಿಕ್ಕಿಗೆ, ಎಲ್ಲ ವೇಗಕ್ಕೆ ಒಂದೊಂದಾಗಿ ಹೊಂದಿಸಿ ನೋಡಬೇಕಾದ್ದರಿಂದ ಲೆಕ್ಕ ಮುಗಿಯುವುದೇ ಇಲ್ಲ, ಅದಕ್ಕೇ ನಮ್ಮನ್ನು ಕೇಳುತ್ತಾರೆ.

ವೈದ್ಯಕೀಯದ ಕಡೆ ಮನಸ್ಸಿದ್ದರೆ ವರ್ಲ್ಡ್ ಕಮ್ಯುನಿಟಿ ಗ್ರಿಡ್ ಇದೆ. 2004ರಲ್ಲಿ ಐಬಿಎಂ ಶುರು ಮಾಡಿದ್ದು, ಈಗ ಟೊರೊಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆ ನೋಡಿಕೊಳ್ಳುತ್ತದೆ. ಪ್ರೋಟೀನ್ ರಚನೆಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊಸೆಟಾ ಅಟ್ ಹೋಮ್. 2024ರ ರಸಾಯನ ವಿಜ್ಞಾನದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಡೇವಿಡ್ ಬೇಕರ್ ಅವರ ಪ್ರಯೋಗಾಲಯದ್ದು. ಹವಾಮಾನಕ್ಕೆ ಆಕ್ಸ್‌ಫರ್ಡ್‌ನ ಕ್ಲೈಮೇಟ್ ಪ್ರಿಡಿಕ್ಷನ್ ಇದೆ, ಆದರೆ ಅದರ ಒಂದೊಂದು ಟಾಸ್ಕ್ ತುಂಬಾ ಉದ್ದ, ಹೊಸಬರಿಗೆ ಬೇಡ.

ಹಾಕುವ ಮೊದಲು ಮೀಟರ್ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಸುಮ್ನೆ ಕೂತ ಪ್ರೊಸೆಸರ್ ಕಡಿಮೆ ಕರೆಂಟ್ ಕುಡಿಯುತ್ತದೆ, ದುಡಿಯುವ ಪ್ರೊಸೆಸರ್ ಜಾಸ್ತಿ ಕುಡಿಯುತ್ತದೆ. ಎಷ್ಟು ಜಾಸ್ತಿ ಅಂತ ನಿಮ್ಮ ಮನೆಯ ಮೀಟರೇ ಹೇಳುತ್ತದೆ.

ಡಿಜಿಟಲ್ ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಅಂತ ಮುದ್ರಿಸಿರುತ್ತಾರೆ, ನಮ್ಮ ಮನೆಯದರಲ್ಲಿ 3200 ಅಂತ ಇದೆ. ಮಧ್ಯಾಹ್ನ ಯಾರೂ ಇಲ್ಲದ ಹೊತ್ತಲ್ಲಿ ಫ್ರಿಜ್, ಫ್ಯಾನು, ಟಿವಿ ಎಲ್ಲ ಆಫ್ ಮಾಡಿ, ಇನ್ವರ್ಟರ್ ಇದ್ದರೆ ಅದರ ಚಾರ್ಜಿಂಗನ್ನೂ ನಿಲ್ಲಿಸಿ, ಕಂಪ್ಯೂಟರ್ ಮಾತ್ರ ಉಳಿಸಿ. ಮೊಬೈಲ್‌ನಲ್ಲಿ ಹತ್ತು ನಿಮಿಷ ಇಟ್ಟುಕೊಂಡು ಮಿಟುಕು ಎಣಿಸಿ, ಬಾಯಿಂಕ್ ಹಾಕಿದ ಮೇಲೆ ಇನ್ನೊಮ್ಮೆ ಎಣಿಸಿ. ನನಗೆ ಕಂಪ್ಯೂಟರ್ ಸುಮ್ನೆ ಇದ್ದಾಗ 32 ಬಂತು, ಬಾಯಿಂಕ್ ಓಡುವಾಗ 64. 3200ರ ಮೀಟರ್ ಆದರೆ ಹತ್ತು ನಿಮಿಷದ ಎಣಿಕೆಯನ್ನು 1.875ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಅಂದರೆ ಸುಮ್ನೆ ಇದ್ದಾಗ 60 ವ್ಯಾಟ್, ದುಡಿಯುವಾಗ 120.

ಈಗ ಎರಡು ಲೆಕ್ಕ. ಹೇಗೂ ನೀವು ದಿನಕ್ಕೆ 10 ಗಂಟೆ ಕಂಪ್ಯೂಟರ್ ಹಾಕುತ್ತೀರಿ ಅಂದರೆ ಹೆಚ್ಚುವರಿ 60 ವ್ಯಾಟ್ ಮಾತ್ರ, ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ನೂರು ರೂಪಾಯಿ ಆಸುಪಾಸು. ಇದಕ್ಕೋಸ್ಕರವೇ ಕಂಪ್ಯೂಟರ್ ಹಾಕಿಡುತ್ತೀರಿ ಅಂದರೆ ಪೂರ್ತಿ 120 ವ್ಯಾಟ್ ನಿಮ್ಮ ಲೆಕ್ಕಕ್ಕೆ, ತಿಂಗಳಿಗೆ 36 ಯೂನಿಟ್. ನನ್ನ ಅಭಿಪ್ರಾಯ ಕೇಳಿದರೆ ಮೊದಲನೆಯದು ಮಾತ್ರ ಸರಿ. ಹೇಗೂ ಆನ್ ಇರುವ ಕಂಪ್ಯೂಟರಿನ ಬಿಡುವನ್ನು ಕೊಡುವುದು ಬೇರೆ, ಬರೀ ಇದಕ್ಕಾಗಿ ರಾತ್ರಿಯಿಡೀ ಕರೆಂಟ್ ಸುಡುವುದು ಬೇರೆ.

ಕರ್ನಾಟಕದಲ್ಲಿರುವವರು ಗೃಹಜ್ಯೋತಿ ಲೆಕ್ಕವನ್ನೂ ನೋಡಲೇಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. 200ರ ಒಳಗೇ ಇದ್ದರೂ ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿಗಿಂತ ಜಾಸ್ತಿ ಬಳಸಿದ್ದಕ್ಕೆ ದುಡ್ಡು ಕೊಡಬೇಕು. ಈಗಾಗಲೇ 185ರ ಹತ್ತಿರ ಇರುವ ಮನೆಗೆ 18 ಯೂನಿಟ್ ಸೇರಿದರೆ 203. ಮೂರು ಯೂನಿಟ್‌ಗೋಸ್ಕರ ಸಾವಿರಕ್ಕೂ ಮೇಲಿನ ಬಿಲ್ಲು ಬರುತ್ತದೆ. ಹಿಂದಿನ ಆರು ತಿಂಗಳ ಬಿಲ್ಲು ತೆಗೆದು ನೋಡಿ, ಮನೆಯಲ್ಲಿ ಬಿಲ್ಲು ಕಟ್ಟುವವರ ಹತ್ತಿರ ಮಾತಾಡಿ, ಆಮೇಲೆ ಮುಂದುವರಿಯಿರಿ.

ಹಾಕುವುದು

ಹುಡುಕುವಾಗ ಇಂಗ್ಲಿಷ್‌ನಲ್ಲಿ ಬಿ, ಓ, ಐ, ಎನ್, ಸಿ ಅಂತ ಐದಕ್ಷರ ಟೈಪ್ ಮಾಡಿ. ಬರ್ಕ್ಲಿ ವಿಶ್ವವಿದ್ಯಾಲಯದ ವಿಳಾಸದ ಪುಟದಿಂದ ಮಾತ್ರ ಇಳಿಸಿಕೊಳ್ಳಿ, ವಿಳಾಸ ಬರ್ಕ್ಲಿ ಡಾಟ್ ಎಡು ಅಂತ ಮುಗಿಯುತ್ತದೆ. ಬೇರೆ ಡೌನ್‌ಲೋಡ್ ಸೈಟ್‌ಗಳು ಬೇಡ. ವಿಂಡೋಸ್‌ಗೆ ಇಳಿಸುವಾಗ ಜೊತೆಗೆ ಬೇರೆ ತಂತ್ರಾಂಶ ಸೇರಿಸಿದ ದೊಡ್ಡ ಕಡತವನ್ನೂ ತೋರಿಸಬಹುದು, ಕೆಲವು ಯೋಜನೆಗಳಿಗೆ ಅದು ಬೇಕು, ನಿಮಗೆ ಈಗ ಬೇಡ. ಬರೀ ಬಾಯಿಂಕ್ ಸಾಕು. ಉಬುಂಟು, ಡೆಬಿಯನ್ ಬಳಸುವವರಿಗೆ ಅವರ ಸಾಫ್ಟ್‌ವೇರ್ ಭಂಡಾರದಲ್ಲೇ ಇದೆ.

ಇನ್‌ಸ್ಟಾಲ್ ಮಾಡುವಾಗ ಒಂದು ಪುಟದಲ್ಲಿ ಸರ್ವಿಸ್ ಆಗಿ ಹಾಕಬೇಕಾ ಅಂತ ಕೇಳುತ್ತದೆ. ಟಿಕ್ ಹಾಕಬೇಡಿ. ಹಾಕಿದರೆ ವಿಂಡೋಸ್‌ನಲ್ಲಿ ಮುಂದೆ ಗ್ರಾಫಿಕ್ಸ್ ಕಾರ್ಡ್ ಬಳಸಲು ಆಗುವುದಿಲ್ಲ. ಉಳಿದದ್ದೆಲ್ಲ ಇದ್ದ ಹಾಗೆ ಬಿಡಿ.

ಬಾಯಿಂಕ್ ಮ್ಯಾನೇಜರ್ ತೆರೆದುಕೊಂಡ ತಕ್ಷಣ ಯೋಜನೆ ಆರಿಸಿ ಅನ್ನುತ್ತದೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಯೋಜನೆ ಸೇರಿಸಿದರೆ ಆ ಕ್ಷಣದಿಂದಲೇ ಕೆಲಸ ಶುರುವಾಗಿಬಿಡುತ್ತದೆ. ಕ್ಯಾನ್ಸಲ್ ಒತ್ತಿ ಮೊದಲು ಸೆಟ್ಟಿಂಗ್ ಸರಿಮಾಡಿಕೊಳ್ಳಿ.

ಸೆಟ್ಟಿಂಗ್

ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ವ್ಯೂ ಆರಿಸಿ, ಆಮೇಲೆ ಆಪ್ಷನ್ಸ್ ಮೆನುವಿನಲ್ಲಿ ಕಂಪ್ಯೂಟಿಂಗ್ ಪ್ರಿಫರೆನ್ಸಸ್. ನೋಡಿದರೆ ಗಾಬರಿಯಾಗುವಷ್ಟು ಪೆಟ್ಟಿಗೆಗಳಿವೆ, ನಿಜವಾಗಿ ಮುಟ್ಟಬೇಕಾದ್ದು ಐದಾರು.

ಎಷ್ಟು ಶೇಕಡಾ ಸಿಪಿಯು (ಅಂದರೆ ಪ್ರೊಸೆಸರ್) ಬಳಸಬೇಕು ಅನ್ನುವುದು ಮೊದಲನೆಯದು. ಹೊಸ ಆವೃತ್ತಿಯಲ್ಲಿ ನೀವು ಕಂಪ್ಯೂಟರ್ ಬಳಸುತ್ತಿರುವಾಗ ಬೇರೆ, ಬಳಸದಿರುವಾಗ ಬೇರೆ ಅಂತ ಎರಡು ಜಾಗ ಇದೆ. ಬಳಸುವಾಗ 25, ಬಳಸದಿರುವಾಗ 50 ಹಾಕಿ. ಎಂಟು ಥ್ರೆಡ್‌ನ (ಒಂದೇ ಸಲ ಎಂಟು ಕೆಲಸ ಹಿಡಿಯಬಲ್ಲ) ಪ್ರೊಸೆಸರ್ ಆದರೆ 50 ಅಂದರೆ ಒಂದೇ ಸಲ ನಾಲ್ಕು ಟಾಸ್ಕ್ ಓಡುತ್ತವೆ. ರ‍್ಯಾಮ್ ಬರೀ 8 ಜಿಬಿ ಇದ್ದರೆ ಎರಡಕ್ಕೆ ನಿಲ್ಲಿಸಿ.

ಅದರ ಕೆಳಗೇ ಸಿಪಿಯು ಟೈಮ್ ಅಂತ ಇನ್ನೊಂದು ಶೇಕಡಾ ಇರುತ್ತದೆ. ಇದನ್ನು 100ರಲ್ಲೇ ಬಿಡಿ. ತುಂಬಾ ಜನ ಬಿಸಿ ಕಡಿಮೆ ಮಾಡಲು ಇದನ್ನು 60, 70 ಮಾಡುತ್ತಾರೆ. ಆಗ ಏನಾಗುತ್ತದೆ ಅಂದರೆ ಬಾಯಿಂಕ್ ಸ್ವಲ್ಪ ಹೊತ್ತು ಪೂರ್ತಿ ಓಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ, ಫ್ಯಾನ್ ಏರಿಳಿಯುತ್ತಾ ಒಂದೇ ಸಮ ಉಬ್ಬಸ ಬಂದವರ ಹಾಗೆ ಸದ್ದು ಮಾಡುತ್ತದೆ. ಬಿಸಿ ಇಳಿಸಬೇಕೆಂದರೆ ಮೊದಲು ಹೇಳಿದ ಶೇಕಡಾ ಇಳಿಸಿ ಕೋರ್ (ಪ್ರೊಸೆಸರ್ ಒಳಗೆ ದುಡಿಯುವ ಭಾಗ) ಕಡಿಮೆ ಮಾಡಿ, ಇದನ್ನಲ್ಲ.

ಬ್ಯಾಟರಿಯಲ್ಲಿರುವಾಗ ನಿಲ್ಲಿಸು ಅನ್ನುವುದಕ್ಕೆ ಟಿಕ್ ಇರಲಿ. ಕೆಲಸ ಎಷ್ಟು ದಿನದ್ದು ಕೂಡಿಟ್ಟುಕೊಳ್ಳಬೇಕು ಅನ್ನುವಲ್ಲಿ ಮೊದಲ ಜಾಗಕ್ಕೆ 0.1, ಅದರ ಮೇಲಿನ ಹೆಚ್ಚುವರಿ ಜಾಗಕ್ಕೆ 0.25 ಸಾಕು. ಅತಿಯಾಸೆಗೆ ಹತ್ತು ದಿನದ್ದು ತುಂಬಿಸಿಕೊಂಡರೆ ಗಡುವಿನೊಳಗೆ ಮುಗಿಯುವುದಿಲ್ಲ, ಆಗ ಆ ಇನ್ನೊಬ್ಬರು ಕಾಯುವ ವಿಷಯ ಹೇಳಿದೆನಲ್ಲ, ಅದೇ ಆಗುತ್ತದೆ. ಡಿಸ್ಕ್‌ನಲ್ಲಿ 10 ಜಿಬಿ ಮಿತಿ ಹಾಕಿ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೆಟ್ ಬಳಸುವವರು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಇಷ್ಟು ದಿನಕ್ಕೆ ಇಷ್ಟು ಎಂಬಿ ಅಂತ ಮಿತಿ ಕೊಡಬಹುದು. ಗುರುತ್ವದ ಅಲೆಯ ಟಾಸ್ಕ್‌ಗಳಿಗೆ ಮೊದಲ ಸಲ ಇಳಿಸುವ ಡೇಟಾ ದೊಡ್ಡದಿರುತ್ತದೆ, ಆಮೇಲೆ ಅದನ್ನೇ ಹಲವು ಟಾಸ್ಕ್‌ಗಳು ಬಳಸಿಕೊಳ್ಳುತ್ತವೆ.

ಇನ್ನೊಂದು ಸೆಟ್ಟಿಂಗ್ ಬಾಯಿಂಕ್‌ನಲ್ಲಿಲ್ಲ, ವಿಂಡೋಸ್‌ನಲ್ಲಿದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅದರೊಳಗೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್. ಅಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುತ್ತದೆ, ಅದನ್ನು 99 ಮಾಡಿ. ಒಂದೇ ಅಂಕಿ ಇಳಿಸಿದ್ದಕ್ಕೆ ಏನು ಮಹಾ ಅಂತ ಅನ್ನಿಸಬಹುದು. ಆದರೆ ಸಾಮಾನ್ಯವಾಗಿ ಇದರಿಂದ ಪ್ರೊಸೆಸರ್ ಟರ್ಬೊ ವೇಗಕ್ಕೆ ಏರುವುದು ನಿಲ್ಲುತ್ತದೆ. ಆ ಕೊನೆಯ ವೇಗಕ್ಕೇ ಜಾಸ್ತಿ ಕರೆಂಟ್ ಹೋಗುವುದು, ಜಾಸ್ತಿ ಬಿಸಿ ಆಗುವುದು. ನನ್ನ ಡೆಸ್ಕ್‌ಟಾಪ್ 86 ಡಿಗ್ರಿಯಿಂದ 70ಕ್ಕೆ ಇಳಿಯಿತು, ಟಾಸ್ಕ್ ಮುಗಿಯುವುದು ಸ್ವಲ್ಪ ತಡವಾಯಿತು ಅಷ್ಟೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದಿಲ್ಲ, ಅವರು ಕೋರ್ ಕಡಿಮೆ ಮಾಡಿಕೊಂಡೇ ನಿಭಾಯಿಸಬೇಕು.

ಈಗ ಟೂಲ್ಸ್ ಮೆನುವಿನಿಂದ ಆಡ್ ಪ್ರಾಜೆಕ್ಟ್ ಒತ್ತಿ, ಪಟ್ಟಿಯಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಆರಿಸಿ, ಇಮೇಲ್ ಮತ್ತು ಬೇರೆಲ್ಲೂ ಬಳಸದ ಒಂದು ಪಾಸ್‌ವರ್ಡ್ ಕೊಡಿ. ಹೆಸರು ಕೇಳಿದಾಗ ಪೂರ್ತಿ ಹೆಸರು ಬರೆಯಬೇಕೆಂದೇನಿಲ್ಲ, ಆ ಹೆಸರು ಎಲ್ಲರಿಗೂ ಕಾಣುತ್ತದೆ. ನಿಜವಾಗಿಯೂ ಏನಾದರೂ ಪತ್ತೆಯಾದರೆ ಇಮೇಲ್ ಮೂಲಕ ಕೇಳುತ್ತಾರೆ, ಹಾಗಾಗಿ ಇಮೇಲ್ ಮಾತ್ರ ಸರಿಯಾದದ್ದು ಕೊಡಿ.

ಮೊದಲ ದಿನ ಏನು ಕಾಣುತ್ತದೆ

ಟಾಸ್ಕ್ಸ್ ಟ್ಯಾಬ್ ತೆರೆದರೆ ಸಾಲು ಸಾಲಾಗಿ ಉದ್ದುದ್ದ ಹೆಸರಿನ ಟಾಸ್ಕ್‌ಗಳು, ಪಕ್ಕದಲ್ಲಿ ಎಷ್ಟು ಶೇಕಡಾ ಆಗಿದೆ, ಎಷ್ಟು ಹೊತ್ತು ಬಾಕಿ, ಗಡುವು ಯಾವತ್ತು ಅಂತ ಬರುತ್ತದೆ. ಬಾಕಿ ಹೊತ್ತು ಮೊದಮೊದಲು ಸುಳ್ಳು ಹೇಳುತ್ತದೆ. ಎರಡು ದಿನ ಅಂತ ತೋರಿಸಿದ್ದು ಎಂಟು ಗಂಟೆಗೆ ಮುಗಿಯಬಹುದು. ನಿಮ್ಮ ಕಂಪ್ಯೂಟರಿನ ವೇಗ ಅದಕ್ಕೆ ಇನ್ನೂ ಗೊತ್ತಿಲ್ಲ, ಹತ್ತಾರು ಟಾಸ್ಕ್ ಮುಗಿದ ಮೇಲೆ ಸರಿಯಾಗುತ್ತದೆ.

ಮಧ್ಯದಲ್ಲಿ ಕಂಪ್ಯೂಟರ್ ಆಫ್ ಮಾಡಿದರೆ ಕೆಲಸ ಹಾಳಾಗುವುದಿಲ್ಲ. ಆಗಾಗ ಎಲ್ಲಿಯವರೆಗೆ ಆಯಿತು ಅಂತ ಡಿಸ್ಕ್‌ಗೆ ಬರೆದಿಡುತ್ತಾ ಹೋಗುತ್ತದೆ, ಮತ್ತೆ ಹಾಕಿದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಸ್ಲೀಪ್‌ಗೆ ಹೋದರೂ ಅಷ್ಟೆ, ಎದ್ದ ಮೇಲೆ ಶುರು. ಬ್ರೌಸರ್, ವರ್ಡ್, ವಿಡಿಯೊ ಯಾವುದಕ್ಕೂ ಇದು ಅಡ್ಡ ಬರುವುದಿಲ್ಲ, ಯಾಕೆಂದರೆ ಎಲ್ಲಕ್ಕಿಂತ ಕೆಳಗಿನ ಆದ್ಯತೆಯಲ್ಲಿ ಓಡುತ್ತದೆ. ಬೇರೆ ಯಾವುದೇ ಕೆಲಸಕ್ಕೆ ಪ್ರೊಸೆಸರ್ ಬೇಕೆಂದರೂ ತಾನು ಪಕ್ಕಕ್ಕೆ ಸರಿಯುತ್ತದೆ.

ಐನ್‌ಸ್ಟೈನ್‌ಗೆ ಒಂದು ಚೆಂದದ ಚಿತ್ರ ಇದೆ. ಟಾಸ್ಕ್ ಆರಿಸಿ ಎಡಗಡೆ ಶೋ ಗ್ರಾಫಿಕ್ಸ್ ಒತ್ತಿದರೆ ನಕ್ಷತ್ರಪುಂಜಗಳ ಗೋಳ ತಿರುಗುತ್ತಾ ಬರುತ್ತದೆ, ಈಗ ನಿಮ್ಮ ಕಂಪ್ಯೂಟರ್ ಆಕಾಶದ ಯಾವ ಕಡೆ ಹುಡುಕುತ್ತಿದೆ ಅಂತ ಒಂದು ಗುರಿಯ ಗುರುತು ಅದರ ಮೇಲೆ ಕಾಣುತ್ತದೆ. ಎಲ್ಲ ಟಾಸ್ಕ್‌ಗಳಿಗೂ ಈ ಗುಂಡಿ ಬರುವುದಿಲ್ಲ. ಬಂದಾಗ ಮನೆಯ ಮಕ್ಕಳಿಗೆ ತೋರಿಸಿ. ನನ್ನ ತಂಗಿಯ ಮಗಳು ಅದನ್ನು ನೋಡಿ, ಟೆರೇಸ್‌ಗೆ ಹೋಗಿ ಆ ನಕ್ಷತ್ರ ಹುಡುಕೋಣ ಬಾ ಮಾಮ ಅಂತ ಎಳೆದುಕೊಂಡು ಹೋಗಿದ್ದಳು. ಮೋಡ ಇತ್ತು, ಆದರೂ ಅರ್ಧ ಗಂಟೆ ನಿಂತಿದ್ದೆವು.

ಟಾಸ್ಕ್ ಮುಗಿದು ಇನ್ನೊಬ್ಬರ ಉತ್ತರದ ಜೊತೆ ತಾಳೆಯಾದ ಮೇಲೆ ಕ್ರೆಡಿಟ್ ಅಂತ ಅಂಕ ಬರುತ್ತದೆ. ಅದಕ್ಕೆ ಕಾಬಲ್‌ಸ್ಟೋನ್ ಅಂತ ಹೆಸರಿದೆ. ದುಡ್ಡಲ್ಲ, ಬದಲಾಯಿಸಿಕೊಳ್ಳಲು ಏನೂ ಸಿಗುವುದಿಲ್ಲ, ಎಷ್ಟು ದುಡಿದಿರಿ ಅನ್ನುವ ಲೆಕ್ಕ ಮಾತ್ರ. ಬಾಯಿಂಕ್ ಹಾಕಿ ದುಡ್ಡು ಮಾಡಿ ಅಂತ ಯಾರಾದರೂ ಹೇಳಿದರೆ ಆ ಕಡೆ ತಲೆ ಹಾಕಬೇಡಿ.

ಬಿಸಿ ಮತ್ತು ಧೂಳು

ನಮ್ಮ ಊರುಗಳಲ್ಲಿ ಇದೇ ದೊಡ್ಡ ವಿಷಯ. ಪುಸ್ತಕದಲ್ಲಿ ಬರೆದ ಬಿಸಿಯ ಲೆಕ್ಕಗಳು 25 ಡಿಗ್ರಿ ರೂಮಿಗೆ ಬರೆದವು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್‌ನಲ್ಲಿ ಹೊರಗೇ 40 ದಾಟಿರುತ್ತದೆ. ಅಲ್ಲಿಯವರು ಬೇಸಿಗೆಯ ಎರಡು ತಿಂಗಳು ಬಾಯಿಂಕ್ ನಿಲ್ಲಿಸಿಬಿಡಿ, ಅಥವಾ ಡೇಲಿ ಷೆಡ್ಯೂಲ್ಸ್‌ನಲ್ಲಿ ಬೆಳಗಿನ ಜಾವದಿಂದ ಒಂಬತ್ತರವರೆಗೆ ಮಾತ್ರ ಅಂತ ಹಾಕಿ. ನಮ್ಮದು ದಾವಣಗೆರೆ, ಮಹಡಿ ಮೇಲಿನ ರೂಮು. ಮೊದಲ ಬೇಸಿಗೆಯಲ್ಲಿ ಅಮ್ಮ ಬಟ್ಟೆ ಒಣಹಾಕಲು ಬಂದವರು ಬಾಗಿಲಲ್ಲೇ ನಿಂತು, ಏನೋ ಇದು, ಒಲೆ ಹಚ್ಚಿಟ್ಟಂಗೆ ಐತಲ್ಲೋ ಅಂದರು. ಅವತ್ತೇ ಪ್ರೊಸೆಸರ್ ಬಿಸಿ ನೋಡಿದ್ದು, 97 ಡಿಗ್ರಿ ಇತ್ತು.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಿಸಿ ತೋರಿಸುವುದಿಲ್ಲ. ಕೋರ್ ಟೆಂಪ್ ಅನ್ನುವ ಸಣ್ಣ ತಂತ್ರಾಂಶ ಸಾಕು. ಒಂದು ಗಂಟೆ ಓಡಿದ ಮೇಲೆ ನೋಡಿ. 75ರ ಒಳಗಿದ್ದರೆ ನಿಶ್ಚಿಂತೆ. 85 ದಾಟಿದರೆ ಕೋರ್ ಕಡಿಮೆ ಮಾಡಿ. ನೂರರ ಹತ್ತಿರ ಹೋದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸುಟ್ಟುಹೋಗುವುದಿಲ್ಲ, ಆದರೆ ದಿನಗಟ್ಟಲೆ ಹಾಗೆ ಓಡಿಸುವುದು ಯಾವ ಯಂತ್ರಕ್ಕೂ ಒಳ್ಳೆಯದಲ್ಲ.

ಡೆಸ್ಕ್‌ಟಾಪ್ ಕೊಂಡು ಎರಡು ವರ್ಷವಾಗಿದ್ದರೆ ಬಿಚ್ಚಿ ನೋಡಿ. ಕರೆಂಟ್ ತಂತಿ ಕಿತ್ತು, ಪಕ್ಕದ ತಗಡು ತೆಗೆದರೆ ಪ್ರೊಸೆಸರ್ ಮೇಲೆ ಫ್ಯಾನ್, ಅದರ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳು ಕಾಣುತ್ತವೆ. ನನ್ನದರಲ್ಲಿ ರೆಕ್ಕೆಗಳೇ ಕಾಣುತ್ತಿರಲಿಲ್ಲ. ಫ್ಯಾನ್ ಮತ್ತು ರೆಕ್ಕೆಗಳ ನಡುವೆ ಹಳೇ ಹಾಸಿಗೆಯ ಹತ್ತಿಯ ಹಾಗೆ ಬೂದು ಬಣ್ಣದ ಧೂಳಿನ ಪದರ ಕೂತಿತ್ತು, ಚಿಮಟದಲ್ಲಿ ಹಿಡಿದೆಳೆದರೆ ಚೌಕಾಕಾರದ ತುಂಡಾಗಿಯೇ ಎದ್ದು ಬಂತು. ಒಣ ಪೇಂಟ್ ಬ್ರಷ್‌ನಿಂದ ರೆಕ್ಕೆಗಳ ಸಂದಿಯಲ್ಲಿ ಮೇಲಿಂದ ಕೆಳಕ್ಕೆ ಆಡಿಸಿ. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅದು ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಆ ಒಂದು ಕೆಲಸಕ್ಕೇ 97 ಇದ್ದದ್ದು 86ಕ್ಕೆ ಬಂತು. ಮೇಲೆ ಹೇಳಿದ 99ರ ಸೆಟ್ಟಿಂಗ್ ಮಾಡಿದ್ದು ಇದಾದ ಮೇಲೆ.

ಲ್ಯಾಪ್‌ಟಾಪ್‌ನವರು ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟು ಓಡಿಸಲೇಬೇಡಿ. ಗಟ್ಟಿ ಮೇಜು ಬೇಕು, ಹಿಂದುಗಡೆ ಸ್ವಲ್ಪ ಎತ್ತರಿಸಿರಬೇಕು. ತೆಳುವಾದ ಲ್ಯಾಪ್‌ಟಾಪ್ ಆದರೆ ಒಂದು ಟಾಸ್ಕ್, ಹೆಚ್ಚೆಂದರೆ ಎರಡು.

ಇನ್ವರ್ಟರ್ ಇರುವ ಮನೆಗೆ ಒಂದು ಎಚ್ಚರಿಕೆ. ಬ್ಯಾಟರಿಯಲ್ಲಿರುವಾಗ ನಿಲ್ಲಿಸು ಅನ್ನುವ ಟಿಕ್ ಲ್ಯಾಪ್‌ಟಾಪ್‌ಗೆ ಕೆಲಸ ಮಾಡುತ್ತದೆ. ಯುಪಿಎಸ್‌ನಿಂದ ಕಂಪ್ಯೂಟರ್‌ಗೆ ಯುಎಸ್‌ಬಿ ತಂತಿ ಹಾಕಿದ್ದರೂ ಗೊತ್ತಾಗಬಹುದು. ಆದರೆ ಇಡೀ ಮನೆಗೆ ಇನ್ವರ್ಟರ್ ಇದ್ದರೆ ಕರೆಂಟ್ ಹೋದದ್ದೇ ಡೆಸ್ಕ್‌ಟಾಪ್‌ಗೆ ತಿಳಿಯುವುದಿಲ್ಲ. ಅದು ಆರಾಮಾಗಿ ಪಲ್ಸಾರ್ ಹುಡುಕುತ್ತಾ ಬ್ಯಾಟರಿ ಖಾಲಿ ಮಾಡುತ್ತದೆ, ಮನೆಯವರು ಕತ್ತಲಲ್ಲಿ ಕೂರಬೇಕಾಗುತ್ತದೆ. ಕರೆಂಟ್ ಹೋದರೆ ಕೆಳಗಿನ ಪಟ್ಟಿಯಲ್ಲಿರುವ ಬಾಯಿಂಕ್ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ಸಸ್ಪೆಂಡ್ ಒತ್ತುವುದನ್ನು ಮನೆಯ ಇನ್ನೊಬ್ಬರಿಗೂ ಕಲಿಸಿಡಿ. ಲೋಡ್ ಶೆಡ್ಡಿಂಗ್ ಹೊತ್ತು ಗೊತ್ತಿದ್ದರೆ ಆ ಹೊತ್ತನ್ನು ಷೆಡ್ಯೂಲ್‌ನಿಂದ ಬಿಟ್ಟುಬಿಡಿ.

ತೊಂದರೆ ಬಂದರೆ

ಇವೆಂಟ್ ಲಾಗ್ ಟೂಲ್ಸ್ ಮೆನುವಿನಲ್ಲಿದೆ, ಏನೇ ಆದರೂ ಮೊದಲು ಅಲ್ಲಿ ನೋಡಿ. ಕೆಲಸ ಬರುತ್ತಿಲ್ಲ ಅಂದರೆ ಒಂದೋ ಯೋಜನೆಯವರ ಹತ್ತಿರವೇ ಕೆಲಸ ಇಲ್ಲ, ಇಲ್ಲಾ ನಿಮ್ಮ ಡಿಸ್ಕ್ ಮಿತಿ ಸಾಲದು, ಎರಡೂ ಅಲ್ಲಿ ಬರೆದಿರುತ್ತದೆ. ಯೋಜನೆಯ ಹತ್ತಿರ ಕೆಲಸ ಇಲ್ಲದಾಗ ಕಂಪ್ಯೂಟರ್ ಖಾಲಿ ಇರುವುದು ಬೇಡ ಅನ್ನಿಸಿದರೆ ಇನ್ನೊಂದು ಯೋಜನೆಗೂ ಸೇರಿ, ಆ ಯೋಜನೆಯ ಖಾತೆಯ ಪುಟದಲ್ಲಿ ರಿಸೋರ್ಸ್ ಷೇರ್ 0 ಅಂತ ಹಾಕಿ. ಆಗ ಮೊದಲನೆಯದರಲ್ಲಿ ಕೆಲಸ ಇಲ್ಲದಾಗ ಮಾತ್ರ ಎರಡನೆಯದರಿಂದ ತರುತ್ತದೆ.

ಆಂಟಿವೈರಸ್ ಕೆಲವೊಮ್ಮೆ ಟಾಸ್ಕ್‌ನ ಕಡತವನ್ನು ವೈರಸ್ ಅಂದುಕೊಂಡು ಅಳಿಸುತ್ತದೆ, ಟಾಸ್ಕ್‌ಗಳು ಶುರುವಾದ ಕೆಲವೇ ಸೆಕೆಂಡಿನಲ್ಲಿ ಕಂಪ್ಯುಟೇಷನ್ ಎರರ್ ಅಂತ ಸಾಲಾಗಿ ಸಾಯುತ್ತವೆ. ಬಾಯಿಂಕ್‌ನ ಡೇಟಾ ಫೋಲ್ಡರನ್ನು, ಅದು ಸಿ ಡ್ರೈವಿನ ಪ್ರೋಗ್ರಾಂ ಡೇಟಾ ಒಳಗೆ ಅಡಗಿರುತ್ತದೆ, ಆಂಟಿವೈರಸ್‌ನ ವಿನಾಯಿತಿ ಪಟ್ಟಿಗೆ ಸೇರಿಸಿ. ಆದರೆ ಟಾಸ್ಕ್‌ಗಳು ಅರ್ಧ ಓಡಿ ಆಮೇಲೆ ಸಾಯುತ್ತಿದ್ದರೆ, ಅಥವಾ ನಿಮ್ಮ ಉತ್ತರ ತಾಳೆಯಾಗುತ್ತಿಲ್ಲ ಅಂತ ಪದೇ ಪದೇ ಬರುತ್ತಿದ್ದರೆ ಕಂಪ್ಯೂಟರನ್ನೇ ಅನುಮಾನಿಸಿ. ಓವರ್‌ಕ್ಲಾಕ್ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವುದು) ಮಾಡಿದ್ದರೆ ತೆಗೆಯಿರಿ, ರ‍್ಯಾಮ್ ಪರೀಕ್ಷೆ ಮಾಡಿ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಇಷ್ಟೇ ಹೇಳುತ್ತೇನೆ: ಮೊದಲ ತಿಂಗಳು ಬೇಡ. ಸಿಪಿಯುಗಿಂತ ಎಷ್ಟೋ ಪಟ್ಟು ಕೆಲಸ ಮಾಡುತ್ತದೆ ನಿಜ, ಕರೆಂಟೂ ಅದೇ ತರಹ ಕುಡಿಯುತ್ತದೆ. ಮೀಟರ್ ಮಿಟುಕನ್ನು ಇನ್ನೊಮ್ಮೆ ಎಣಿಸಿ ಆಮೇಲೆ ನಿರ್ಧಾರ ಮಾಡಿ. ಒಳ್ಳೆಯ ಕಾರ್ಡ್ ಇದ್ದು, ಬರೀ ರೋಗಗಳ ಸಂಶೋಧನೆಗೇ ಕೊಡಬೇಕೆಂದಿದ್ದರೆ ಫೋಲ್ಡಿಂಗ್ ಅಟ್ ಹೋಮ್ ನೋಡಿ. ಅದು ಬಾಯಿಂಕ್ ಅಲ್ಲ, ಬೇರೆಯೇ ತಂತ್ರಾಂಶ, 2000ನೇ ಇಸವಿಯಿಂದ ಇದೆ. ಕೋವಿಡ್ ಬಂದ 2020ರಲ್ಲಿ ಅದಕ್ಕೆ ಎಷ್ಟು ಜನ ಸೇರಿದರೆಂದರೆ ಒಟ್ಟು ವೇಗ ಒಂದು ಎಕ್ಸಾಫ್ಲಾಪ್ (ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಯಷ್ಟು ಲೆಕ್ಕ) ದಾಟಿತು, ಆ ಹೊತ್ತಿನ ಯಾವ ಸೂಪರ್ ಕಂಪ್ಯೂಟರಿಗೂ ಅಷ್ಟು ವೇಗ ಇರಲಿಲ್ಲ.

ಆಫೀಸಿನ, ಕಾಲೇಜಿನ ಕಂಪ್ಯೂಟರ್‌ನಲ್ಲಿ ಕೇಳದೆ ಹಾಕಬೇಡಿ. ಸುಮ್ನೆ ಖಾಲಿ ಇರುತ್ತದಲ್ಲ, ಯಾರಿಗೇನು ತೊಂದರೆ ಅನ್ನಿಸುವುದು ಸಹಜ. ಅಮೆರಿಕದ ಜಾರ್ಜಿಯಾದಲ್ಲಿ ಕಾಲೇಜೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಹೀಗೆಯೇ ಇಂಥದೊಂದು ತಂತ್ರಾಂಶ ಹಾಕಿ ಕ್ರಿಮಿನಲ್ ಮೊಕದ್ದಮೆ ಎದುರಿಸಿದರು. 2002ರಲ್ಲಿ ದುಡ್ಡು ಕಟ್ಟಿ, ಸಮಾಜ ಸೇವೆ ಮಾಡಲು ಒಪ್ಪಿ ಬಿಡಿಸಿಕೊಳ್ಳಬೇಕಾಯಿತು. ಕೇಳಿ, ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಹಾಕಿ.

ಬಿಡುವುದಾದರೆ

ಪರೀಕ್ಷೆ ಬರುತ್ತದೆ, ಮನೆ ಬದಲಾಯಿಸುತ್ತೀರಿ, ಬಿಲ್ಲು ಜಾಸ್ತಿ ಅನ್ನಿಸುತ್ತದೆ. ಯಾವ ಕಾರಣಕ್ಕಾದರೂ ನಿಲ್ಲಿಸಬಹುದು, ಯಾರೂ ಕೇಳುವುದಿಲ್ಲ. ಆದರೆ ನೇರ ಅನ್‌ಇನ್‌ಸ್ಟಾಲ್ ಮಾಡಬೇಡಿ, ಕೈಲಿದ್ದ ಟಾಸ್ಕ್‌ಗಳು ಗಡುವು ಮುಗಿಯುವವರೆಗೂ ನಿಮ್ಮ ಹೆಸರಲ್ಲೇ ಇರುತ್ತವೆ. ಪ್ರಾಜೆಕ್ಟ್ಸ್ ಟ್ಯಾಬ್‌ನಲ್ಲಿ ಯೋಜನೆ ಆರಿಸಿ, ನೋ ನ್ಯೂ ಟಾಸ್ಕ್ಸ್ ಒತ್ತಿ. ಹೊಸದು ಬರುವುದು ನಿಲ್ಲುತ್ತದೆ, ಇದ್ದದ್ದು ಓಡಿ ಮುಗಿಯುತ್ತದೆ. ಮೇಲೆ ಹೇಳಿದ ಹಾಗೆ ಕೂಡಿಟ್ಟಿದ್ದು ಕಡಿಮೆ ಇದ್ದರೆ ಒಂದೆರಡು ದಿನದ ಮಾತು. ಟಾಸ್ಕ್ಸ್ ಟ್ಯಾಬ್‌ನಲ್ಲಿ ರೆಡಿ ಟು ರಿಪೋರ್ಟ್ ಅಂತ ಇನ್ನೂ ಕಾಣುತ್ತಿದ್ದರೆ ಪ್ರಾಜೆಕ್ಟ್ಸ್‌ಗೆ ಹೋಗಿ ಅಪ್‌ಡೇಟ್ ಒತ್ತಿ, ಪಟ್ಟಿ ಖಾಲಿಯಾದ ಮೇಲೆ ರಿಮೂವ್ ಮಾಡಿ. ಕಾಯಲು ಹೊತ್ತೇ ಇಲ್ಲ ಅಂದರೆ ಟಾಸ್ಕ್ ಆರಿಸಿ ಅಬಾರ್ಟ್ ಒತ್ತಿ, ಆಮೇಲೆ ಅಪ್‌ಡೇಟ್ ಒತ್ತಿ. ಆಗ ಅದು ತಕ್ಷಣ ಬೇರೆ ಯಾರದಾದರೂ ಮನೆಗೆ ಹೋಗುತ್ತದೆ. ಖಾತೆ ಹಾಗೇ ಇರುತ್ತದೆ, ಮುಂದೆ ಯಾವಾಗ ಸೇರಿದರೂ ಅದೇ ಇಮೇಲ್, ಅದೇ ಪಾಸ್‌ವರ್ಡ್.